ಅಂದು ನೀರಿನ ಮೇಲಿದ್ದವನು ನಾನು

ಜವರಣ್ಣ,

ಕಾಗದ ಶುರು ಮಾಡುವಾಗ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯುವುದು ರೂಢಿ. ಕೈ ಬರಲಿಲ್ಲ. ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಬದುಕಿದ್ದಾಗ ನಿನ್ನ ಅಂಗಡಿಗೂ ನನ್ನ ಮನೆಗೂ ಎರಡೇ ಬೀದಿ ದೂರ. ಆದರೂ ಒಂದು ಮಾತು ಹೇಳಲು ನನಗೆ ಒಂಬತ್ತು ವರ್ಷ ಸಾಲಲಿಲ್ಲ.

ಆಲೂರಿನ ನಿನ್ನ ಸೈಕಲ್ ಅಂಗಡಿಗೆ ನಾನು ಮೊದಲು ಬಂದದ್ದು ಪಂಕ್ಚರ್ ಹಾಕಿಸಲು. ವೈರಿಂಗ್ ಕೆಲಸಕ್ಕೆಂದು ಊರಿಗೆ ಹೊಸದಾಗಿ ಬಂದಿದ್ದೆ. ಗೋಡೆಯ ಮೇಲೆ ಎರಡೂವರೆ ಅಡಿಯ ತೇಗದ ಕೋವಿಯೊಂದು ನೇತಾಡುತ್ತಿತ್ತು. ಬ್ರೇಕಿನ ಹಿಡಿಯನ್ನು ಕತ್ತರಿಸಿ ನೀನೇ ಅದಕ್ಕೆ ಟ್ರಿಗರ್ ಮಾಡಿದ್ದೆ. ಗುಂಡಿನ ಬದಲು ಉಕ್ಕಿನ ಸಲಾಕೆ, ಅದನ್ನು ಎಳೆದು ಬಿಡಲು ದಪ್ಪ ರಬ್ಬರು. “ಮೀನು ಹೊಡ್ಯೋ ಕೋವಿ ಕಣೋ ಅದು. ಉಸಿರು ಕಟ್ಕಂಡು ಮುಳುಗ್ಬೇಕು. ಸಿಲಿಂಡರ್ ಗಿಲಿಂಡರ್ ಏನಿಲ್ಲ,” ಅಂದೆ ನೀನು. ಯಾವಾಗ ಕರೆದುಕೊಂಡು ಹೋಗುತ್ತೀಯ ಎಂದು ನಾನು ಕೇಳಿದೆ. ನೀನು ಟ್ಯೂಬಿನಿಂದ ತಲೆ ಎತ್ತದೆ ನಕ್ಕೆ.

ಸಂಕ್ರಾಂತಿ ಕಳೆದು ಹೇಮಾವತಿ ಹೊಳೆ ತಿಳಿಯಾದ ಮೇಲೆ ನನ್ನನ್ನು ಕರೆದೊಯ್ದೆ. ಬಂಡೆಗಳ ಕೆಳಗಿನ ಆ ಮಡುವಿನಲ್ಲಿ ತಿಂಗಳುಗಟ್ಟಲೆ ಕೋವಿಯನ್ನು ಮುಟ್ಟಲೇ ಬಿಡಲಿಲ್ಲ. ಮೊದಲು ಮಾಸ್ಕು. ಮೂಗು ಅದರೊಳಗೇ ಇರಬೇಕು, ಯಾಕೆಂದರೆ ಆಳಕ್ಕೆ ಹೋದಂತೆ ಗಾಜು ಮುಖಕ್ಕೆ ಒತ್ತಿಕೊಳ್ಳುತ್ತದೆ, ಮೂಗಿನಿಂದ ಒಳಗೆ ಗಾಳಿ ಬಿಟ್ಟರೆ ಸರಿಹೋಗುತ್ತದೆ. ಆಮೇಲೆ ಮುಳುಗಲು ಭಾರಕ್ಕೆಂದು ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿ. ಉಸಿರೆಲ್ಲ ಹೊರಗೆ ಬಿಟ್ಟರೂ ಆ ಪಟ್ಟಿ ಕಟ್ಟಿಕೊಂಡು ನೀರಿನ ಮೇಲೆ ತೇಲಬೇಕು, ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ: ಒಬ್ಬ ಕೆಳಗಿದ್ದರೆ ಒಬ್ಬ ಮೇಲಿರಬೇಕು. “ನೀರ್ನಾಗೆ ಜ್ಞಾನ ತಪ್ಪೋನಿಗೆ ತಪ್ತಾ ಐತೆ ಅಂತ ಗೊತ್ತಾಗಲ್ಲ. ಮೇಲಿರೋನಿಗೇ ಗೊತ್ತಾಗ್ಬೇಕು,” ಎಂದಿದ್ದೆ ನೀನು. ನಾನು ತಲೆಯಾಡಿಸಿದ್ದೆ.

ಮೂರನೇ ವರ್ಷ ನಾನು ಮೊಬೈಲಿನಲ್ಲಿ ನೋಡಿ ಕೋವಿ ತರಿಸಿದ ದಿನ ನಿನ್ನ ಮುಖ ಹೇಗಾಗಿತ್ತೋ ಎಂದು ಈಗ ಅನ್ನಿಸುತ್ತದೆ. ಆಗ ನಾನು ನೋಡಲಿಲ್ಲ. ಕಪ್ಪು ಅಲ್ಯೂಮಿನಿಯಂ ಕೊಳವೆ, ನಾಲ್ಕೂವರೆ ಅಡಿ, ಎರಡು ರಬ್ಬರು. ಕೈಯಲ್ಲಿ ತೂಗಿ ನೋಡಿದೆ ನೀನು. “ಇದು ಸಮುದ್ರದ್ದು ಮಾರಾಯ. ಅಲ್ಲಿ ನೀರು ತಿಳಿ, ದೂರಕ್ಕೆ ಕಾಣ್ತದೆ. ನಮ್ ಮಡುವಲ್ಲಿ ಒಂದು ಮಾರು ಕಂಡ್ರೆ ಹೆಚ್ಚು. ಬಂಡೆ ಸಂದೀಲಿ ಇದನ್ನ ತಿರುಗ್ಸೋದೆಲ್ಲಿ? ಅಂಗಡಿಗೆ ಹೋಗೋಕ್ ಮುಂಚೆ ನೀರು ನೋಡ್ಬೇಕು ಕಣೋ.” ನನಗೆ ಸಿಟ್ಟು ಬಂತು. ಬ್ರೇಕಿನ ಹಿಡಿಯಲ್ಲಿ ಕೋವಿ ಮಾಡಿಕೊಂಡವನಿಗೆ ಹೊಸದನ್ನು ಕಂಡರೆ ಹೊಟ್ಟೆಕಿಚ್ಚು ಅಂದುಕೊಂಡೆ. ಅದನ್ನು ಬಾಯಿಬಿಟ್ಟೂ ಹೇಳಿದೆ.

ಮುಂದಿನ ಭಾನುವಾರ ಬೆಳಗ್ಗೆ ಮಡುವಿನ ದಡದಲ್ಲಿ ನೀನೇ ನನ್ನ ಕೋವಿ ಕೇಳಿದೆ. ನನ್ನ ಪಟ್ಟಿಯನ್ನೂ. ಅದು ಒಂದೇ ಕೈಯಲ್ಲಿ ಬಿಚ್ಚಲು ಬಾರದ ಮಾಮೂಲಿ ಸೊಂಟಪಟ್ಟಿ. ಬೇಗ ಮುಳುಗಲೆಂದು ಅದಕ್ಕೆ ಹೆಚ್ಚು ಸೀಸ ಪೋಣಿಸಿದ್ದೆ. “ಹೇಳಿದ್ರೆ ನೀನು ಕೇಳಲ್ಲ. ನಾನೇ ಒಂದ್ಸಲ ಇಳಿದು ನೋಡಿ, ಎಲ್ಲಿ ತಪ್ಪು ಅಂತ ತೋರುಸ್ತೀನಿ. ನೀನು ಮೇಲಿರು,” ಎಂದು ನೀನು ಇಳಿದೆ. ನಾನು ನಿನ್ನ ತೇಗದ ಕೋವಿ ಹಿಡಿದು ಮೇಲೆ ತೇಲುತ್ತಿದ್ದೆ. ಆಗ ಬೇರುಗಳ ಹತ್ತಿರ ಆ ಬಾಳೆ ಮೀನು ಕಂಡಿತು. ತೋಳಿನಷ್ಟು ಉದ್ದ. ಮೆಲ್ಲಗೆ ಬಂಡೆಯ ಆಚೆಗೆ ತಿರುಗಿತು. ನಾನೂ ತಿರುಗಿದೆ.

ಹೊಡೆದೆ, ಜವರಣ್ಣ. ಒಂದೇ ಏಟಿಗೆ ಸಿಕ್ಕಿತು. ನಿನಗೆ ತೋರಿಸಬೇಕೆಂದು ಎತ್ತಿ ಹಿಡಿದು ಬಂಡೆ ಸುತ್ತಿ ಬಂದರೆ ನೀನಿರಲಿಲ್ಲ. ನಿನ್ನ ಕೈಯಲ್ಲಿದ್ದ ಕೋವಿಯ ಹಗ್ಗಕ್ಕೆ ಕಟ್ಟಿ ತೇಲಿಬಿಟ್ಟಿದ್ದ ಖಾಲಿ ಕ್ಯಾನು ಅಲುಗದೆ ನಿಂತಿತ್ತು. ಹಗ್ಗ ಹಿಡಿದು ಇಳಿದೆ. ನನ್ನ ಉದ್ದದ ಕೋವಿ ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಿನ್ನ ಒಂದು ಕೈ ಇನ್ನೂ ಅದರ ಹಿಡಿಯ ಮೇಲಿತ್ತು. ಅದನ್ನು ಅಲ್ಲೇ ಬಿಟ್ಟು ಬರಬಹುದಿತ್ತಲ್ಲ? ಹುಡುಗ ಆಸೆಪಟ್ಟು ತರಿಸಿದ್ದು ಎಂದು ಬಿಡದೆ ಎಳೆಯುತ್ತಿದ್ದೆಯಾ? ಪಟ್ಟಿ ಬಿಚ್ಚಲು ಬರಲಿಲ್ಲ. ನಿನ್ನ ಕಾಲಿನ ಮೀನಖಂಡಕ್ಕೆ ಕಟ್ಟಿದ್ದ ಚಾಕುವಿನಿಂದಲೇ ಕೊಯ್ದು ಎಳೆದು ತಂದೆ. ತುಟಿ ನೀಲಿಯಾಗಿತ್ತು. ಬಾಯಿಗೆ ಬಾಯಿ ಇಟ್ಟು ಊದಿದೆ. ಎಷ್ಟು ಹೊತ್ತು… ನೀನು ಕೆಮ್ಮಿದಾಗ ನಾನು ಅತ್ತೆ.

ಸಕಲೇಶಪುರದ ಆಸ್ಪತ್ರೆಗೆ ಅತ್ತಿಗೆ ಓಡಿ ಬಂದದ್ದು ಕಣ್ಣಿಗೆ ಕಟ್ಟಿದಂತಿದೆ. “ಏನಾಯ್ತು ಲೋಕಿ?” ಎಂದು ನನ್ನನ್ನೇ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನೀನು ಮಲಗಿದ್ದಲ್ಲಿಂದ ಹೇಳಿಬಿಟ್ಟೆ: “ಇವ್ನು ಬ್ಯಾಡ ಅಂದ ಕಣೇ. ನಾನೇ ಕೇಳ್ದೆ ಒಬ್ನೇ ಇಳ್ದೆ. ಇವ್ನು ಬಂದು ಎಳ್ಕಂಡ.” ನನ್ನ ಕಡೆ ನೋಡಲೂ ಇಲ್ಲ. ಅತ್ತಿಗೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಒಂದು ಕ್ಷಣದಲ್ಲಿ ‘ಹಾಗಲ್ಲ ಅತ್ತಿಗೆ’ ಅಂದಿದ್ದರೆ… ಅನ್ನಲಿಲ್ಲ.

ನೀರಿನ ಒತ್ತಡಕ್ಕೆ ಅಂದಿನಿಂದ ನಿನ್ನ ಎಡಗಿವಿ ಕೇಳಿಸದಾಯಿತು. ಮತ್ತೆ ನೀರಿಗಿಳಿಯುವುದಿಲ್ಲ ಎಂದು ಅತ್ತಿಗೆ ನಿನ್ನಿಂದ ಆಣೆ ಮಾಡಿಸಿಕೊಂಡಳು. ಕೂತಲ್ಲಿ ನಿಂತಲ್ಲಿ ನಿನಗೆ ಬೈಗುಳ. ಹೆಂಡತಿ ಮಗಳ ಯೋಚನೆ ಇಲ್ಲದವನು, ಮೀನಿನ ಹುಚ್ಚಿಗೆ ಸಾಯಲು ಹೋದವನು ಎಂದು ನೆಂಟರೆದುರೂ ಹೇಳುತ್ತಿದ್ದಳು. ನನಗೋ, ಹಬ್ಬಕ್ಕೆ ಮೊದಲ ಎಲೆ. ಒಮ್ಮೆ ತಡೆಯಲಾರದೆ ಅಂಗಡಿಗೆ ಬಂದು, “ಅಣ್ಣ, ಅತ್ತಿಗೆಗೆ ನಿಜ ಹೇಳಿಬಿಡ್ತೀನಿ,” ಎಂದೆ. ಚಕ್ರದ ಕಡ್ಡಿ ಬಿಗಿ ಮಾಡುತ್ತಾ ನೀನು, “ಬುಡೋ ಅತ್ಲಾಗೆ. ನಿಂಗೆ ಉಣ್ಣಕ್ಕಿಕ್ತಾಳೆ, ನಂಗೆ ಬೈತಾಳೆ. ಇಬ್ರಿಗೂ ಅಭ್ಯಾಸ ಆಗೋಗೈತೆ,” ಎಂದು ನಕ್ಕೆ. ನನಗೆ ಸಮಾಧಾನವಾಯಿತು. ಅದೇ ನನ್ನ ಹೇಡಿತನ. ನೀನು ಬೇಡ ಎನ್ನಲಿ ಎಂದೇ ಅಲ್ಲವೇ ನಾನು ಕೇಳಿದ್ದು?

ಕಳೆದ ವರ್ಷ ಎದೆನೋವು ಎಂದು ಕೂತವನು ನೀನು ಏಳಲಿಲ್ಲ. ಅಂದೂ ಅಳುವಿನ ನಡುವೆ ಅತ್ತಿಗೆ, “ಅವತ್ತು ಲೋಕಿ ಉಳಿಸ್ಕೊಟ್ಟಿದ್ದ,” ಎಂದಳು. ನಾನು ಹಿತ್ತಲಿಗೆ ಹೋಗಿ ನಿಂತೆ.

ಕಳೆದ ತಿಂಗಳು ಪವಿತ್ರ ಊರಿಗೆ ಬಂದಿದ್ದಳು. ನಿನ್ನ ಮಗಳು ಮಂಗಳೂರಿನಲ್ಲಿ ನರ್ಸ್ ಆಗಿರುವುದು ನಿನಗೆ ಗೊತ್ತು. ಅಲ್ಲಿಯ ಗೆಳತಿಯರ ಜೊತೆ ಉಸಿರು ಹಿಡಿದು ಮುಳುಗುವುದನ್ನು ಕಲಿತಿದ್ದಾಳೆ, ಅದು ಗೊತ್ತಿಲ್ಲ. “ಚಿಕ್ಕಪ್ಪ, ಮೀನು ಹೊಡ್ಯೋಕೆ ಯಾವ ಗನ್ ತಗೊಳ್ಲಿ?” ಎಂದು ನಿಮ್ಮ ಮನೆಯ ಜಗಲಿಯಲ್ಲಿ ಕೂತು ಕೇಳಿದಳು. ನಾನು ಹೇಳಿದ್ದೆಲ್ಲ ನಿನ್ನ ಮಾತೇ. ಮೊದಲು ನೀರು ನೋಡು. ಎಷ್ಟು ದೂರ ಕಾಣುತ್ತದೋ ಅಷ್ಟಕ್ಕೆ ತಕ್ಕ ಉದ್ದ. ನೀನೇ ಎಳೆದು ಹೂಡಲು ಆಗುವಷ್ಟು ರಬ್ಬರು. ಒಳಗಿಂದ ಅತ್ತಿಗೆ ಬಂದು, “ನಿಮ್ಮಪ್ಪನ್ ಹುಚ್ಚು ನಿಂಗೂ ಹತ್ತೈತಾ? ಯಾರ್ ಮಾತೂ ಕೇಳ್ದೆ ಒಬ್ರೇ ಮುಳುಗಿದ್ರು. ನೀನೂ ಹಂಗೇ ಹೋಗು,” ಎಂದು ಅಡಿಗೆಮನೆಗೆ ನಡೆದಳು. ಪವಿತ್ರ ತಲೆ ತಗ್ಗಿಸಿದಳು. ಅಪ್ಪ ಹಾಗೆಯೇ ಎಂದು ಅವಳೂ ನಂಬಿದ್ದಳು.

ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ. ಪಟ್ಟಿ ನನ್ನದು, ಕೋವಿ ನನ್ನದು, ಮೇಲಿರಬೇಕಾಗಿದ್ದವನು ನಾನು, ಮೀನಿನ ಹಿಂದೆ ಹೋದೆ ಎಂದು. ಅತ್ತಿಗೆ ಒಲೆ ಆರಿಸಿದಳು. ನನ್ನ ಕಡೆ ತಿರುಗಿ, “ಅವ್ರಿದ್ದಾಗ ಯಾಕೆ ಹೇಳ್ಲಿಲ್ಲ?” ಎಂದಳು. “ಹೋಗು ಲೋಕಿ. ನಾನೇ ಕರೆಯೋಗಂಟ ಬರ್ಬ್ಯಾಡ.”

ಇನ್ನೂ ಕರೆದಿಲ್ಲ. ಮುಂದಿನದ್ದು ಪವಿತ್ರ ಫೋನಿನಲ್ಲಿ ಹೇಳಿದ್ದು. ಅತ್ತಿಗೆ ಅವಳ ಜೊತೆ ಮಂಗಳೂರಿಗೆ ಹೋದಳಂತೆ. ಶಿರಾಡಿ ಘಾಟಿ ಇಳಿಯುವಾಗಲೇ ವಾಂತಿ, ಮಗಳು ಮುಳುಗಲು ಹೋದ ದೋಣಿಯಲ್ಲೂ ವಾಂತಿ. ಆದರೂ ದೋಣಿಯ ಅಂಚು ಹಿಡಿದು, ಮಗಳು ಮುಳುಗಿ ಏಳುವವರೆಗೆ ನೀರನ್ನೇ ನೋಡುತ್ತಾ ಕೂತಿದ್ದಳಂತೆ. ಪವಿತ್ರಳಿಗೆ ಒಂದು ಮೀನು ಸಿಕ್ಕಿತು. ಐಸಿನಲ್ಲಿಟ್ಟು ಊರಿಗೆ ತಂದು ಸಾರು ಮಾಡಿದರು. ನಿನ್ನ ಫೋಟೋದ ಮುಂದೆ ಎಡೆ ಇಟ್ಟು, ಅತ್ತಿಗೆ ಕೈ ಮುಗಿದು ನಿಂತು ಹೇಳಿದ ಮಾತನ್ನು ನಿನಗೆ ತಲುಪಿಸಲೆಂದೇ ಈ ಕಾಗದ: “ಒಂಬತ್ತು ವರ್ಷ ಸುಮ್ ಸುಮ್ನೆ ಬೈದೆ. ತಪ್ಪಾಯ್ತು ಕಣ್ರೀ.”

ನೀನು ಬದುಕಿದ್ದಾಗ ಕೇಳಬೇಕಾಗಿದ್ದ ಮಾತು ಅದು, ಅಣ್ಣ.

ನಿನ್ನ
ಲೋಕಿ