ಗೋತ್ರವಿಲ್ಲದ ಗ್ಯಾಲನ್

ವಾಸುಕಾಕಾ,

ನಿಮ್ಮ ಶಾಲಿನಿಯ ನಮಸ್ಕಾರ. ಈ ಸಲ ಕಾಲು ಮುಟ್ಟುವ ಮೊದಲೇ ಕಿವಿ ಹಿಡಿದುಕೊಂಡಿದ್ದೇನೆ. ಎರಡು ಸುದ್ದಿ ಇವೆ. ನಿಮ್ಮ ನೋಟುಬುಕ್ಕು ಕೊನೆಗೂ ಪ್ಯಾಕೇಜ್ ಆಗಿ ಹೊರಬಿತ್ತು, ಅದು ಒಂದು. ಅದನ್ನು ಕಟ್ಟುವಾಗಲೇ ನಾನೊಬ್ಬ ಬಡವನ ತಲೆಗೆ ಕಳ್ಳತನ ಹೊರಿಸಿದ್ದೆ ಎಂದು ಗೊತ್ತಾಯಿತು, ಅದು ಇನ್ನೊಂದು. ಪೂರ್ತಿ ಓದಿ, ಆಮೇಲೆ ಬೈಯಿರಿ.

ನೆನಪಿದೆಯೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೊದಲ ಪ್ರೋಗ್ರಾಮಿನ ಹಾಳೆಗಳನ್ನು ಹಿಡಿದುಕೊಂಡು ಮೆಹದಿಪಟ್ಟಣಂ ಮನೆಗೆ ಓಡಿ ಬಂದಿದ್ದೆ? ಹೊಗಳುತ್ತೀರಿ ಎಂದು ಆಸೆ. ನೀವು ಚಹಾ ಪಕ್ಕಕ್ಕಿಟ್ಟು, ಕೆಂಪು ಪೆನ್ಸಿಲ್ ತೆಗೆದು, ಅಂಕಿ ಕಂಡಲ್ಲೆಲ್ಲ ಸುತ್ತು ಹಾಕುತ್ತ ಹೋದಿರಿ.

"ಇದು ಯಾರ ಮನೀ ಕೂಸವಾ? ಇದರ ಗೋತ್ರ ಯಾವುದು?"

"ಅಂಕಿಗೆ ಎಂಥಾ ಗೋತ್ರ, ಕಾಕಾ!"

"ಅದಕ್ಕೇ ಮೊದಲ ಬೇಕು. ಯಾವ ಪುಸ್ತಕದಾಗ ನೋಡಿದಿ, ಯಾವ ಮಶೀನಿಗೆ ಲಾಗೂ ಆಗ್ತದ, ಕಡೀಕ ಯಾವಾಗ ತಪಾಸ ಮಾಡಿದಿ. ಮೂರೂ ಹೇಳಲಿಕ್ಕೆ ಬರಲಿಲ್ಲಂದ್ರ ಆ ಅಂಕೀನ ಒಳಗ ಕರೀಬ್ಯಾಡ. ಹೊರಗ ಕಟ್ಟೀ ಮ್ಯಾಲೆ ಕೂಡಲಿ!"

ಮುಂಜಿಯಲ್ಲಿ ಕಲಿಸುವ ಗೋತ್ರ-ಪ್ರವರದ ಪದ್ಧತಿಯನ್ನು ಲೆಕ್ಕದ ಅಂಕಿಗಳಿಗೆ ಹಚ್ಚಿದವರು ಈ ಊರಿನಲ್ಲಿ ನೀವೊಬ್ಬರೇ ಇರಬೇಕು. ನಿಮ್ಮ ಸರಕಾರಿ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಹುಡುಗರೆಲ್ಲ ನಿಮ್ಮನ್ನು ಶಾಸ್ತ್ರಿಗಳು ಎಂದು ಕರೆಯುತ್ತಿದ್ದರಂತೆ. ಪ್ರೋಗ್ರಾಮಿನಲ್ಲಿ ಬದಲಾಗದೆ ನಿಲ್ಲುವ ಅಂಕಿಗಳೆಲ್ಲ ಒಂದೇ ನೋಟುಬುಕ್ಕಿನಲ್ಲಿ ಇರಬೇಕು, ಬೇಕಾದವರು ಅಲ್ಲಿಂದಲೇ ಎತ್ತಿಕೊಳ್ಳಬೇಕು, ಯಾರೂ ತಮ್ಮ ಕೈಯಾರೆ ಬರೆಯಕೂಡದು, ಇದು ನಿಮ್ಮ ಕಟ್ಟಳೆ. ನಾನು ಆಗ ಮೂಗು ಮುರಿದೆ. ಆಮೇಲೆ ಅದೇ ನೋಟುಬುಕ್ಕನ್ನು ಹೆಮ್ಮೆಯಿಂದ ಕಂಪ್ಯೂಟರಿಗೆ ಇಳಿಸಿದೆ. ಅಬಿಡ್ಸ್‌ನಲ್ಲಿ ಹಳೆ ಪುಸ್ತಕದಂಗಡಿಯ ಮೇಲಿರುವ ನಮ್ಮ ಪುಟ್ಟ ಆಫೀಸಿನಲ್ಲಿ ಹತ್ತು ವರ್ಷದಿಂದ ಎಲ್ಲ ಕೆಲಸಕ್ಕೂ ಅದೇ ಆಧಾರ.

ಈ ಬೇಸಿಗೆಯ ಮೊದಲಲ್ಲಿ ನಸ್ರೀನ್, ನನ್ನ ಜೊತೆ ಕೆಲಸ ಮಾಡುವ ಹುಡುಗಿ, ಇದನ್ನು ನಾವೇ ಯಾಕೆ ಬಚ್ಚಿಟ್ಟುಕೊಳ್ಳಬೇಕು ಎಂದಳು. ಪ್ಯಾಕೇಜ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರೆ ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಇಳಿಸಿಕೊಳ್ಳಬಹುದು. ನಿಮ್ಮ ಮನೆಯಿಂದ ಕಾಕು ನಮಗೆಲ್ಲ ಉಂಡಿಯ ಡಬ್ಬಿ ಕಳಿಸುತ್ತಿದ್ದರಲ್ಲ, ಹಾಗೆಯೇ. ಒಳಗೆ ಏನಿದೆ, ಯಾವಾಗ ಮಾಡಿದ್ದು, ಯಾರು ಮಾಡಿದ್ದು ಎಂದು ಮೇಲೊಂದು ಚೀಟಿ ಅಂಟಿಸಬೇಕು. ನಾನು ಕುಣಿದಾಡಿಬಿಟ್ಟೆ. ನಿಮ್ಮ ಹೆಸರು ಎಲ್ಲೆಲ್ಲೋ ಹೋಗುತ್ತದೆ ಎಂದು ಎಷ್ಟು ಖುಷಿ ಗೊತ್ತೇ?

ಅದೇ ದಿನಗಳಲ್ಲಿ ಇನ್ನೊಂದು ರಗಳೆ ನಡೆದಿತ್ತು. ಮೆಹದಿಪಟ್ಟಣಂನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಟ್ಯಾಂಕರ್ ನೀರಿನ ಲೆಕ್ಕ ಇಡುವ ಪ್ರೋಗ್ರಾಂ ನಾವೇ ಮಾಡಿಕೊಟ್ಟಿದ್ದೆವು. ಊರ ಹೊರಗೆ ನೀರು ತುಂಬುವ ಕಡೆ ಮೀಟರು ಗ್ಯಾಲನ್‌ಗಳಲ್ಲಿ ಓಡುತ್ತದೆ, ನಮ್ಮ ಪ್ರೋಗ್ರಾಂ ಅದನ್ನು ಲೀಟರು ಮಾಡುತ್ತದೆ, ಹಾಸ್ಟೆಲ್ಲಿನ ಸಂಪಿನಲ್ಲಿ ಲೀಟರಿನ ಗುರುತು ಇದೆ. ಎಷ್ಟೋ ವರ್ಷ ಎರಡೂ ತಾಳೆಯಾಗುತ್ತಿದ್ದವು. ಈ ಬೇಸಿಗೆ ಮಾತ್ರ ಪ್ರತಿ ಸಲವೂ ಆರರಲ್ಲಿ ಒಂದು ಪಾಲು ನೀರು ಕಡಿಮೆ. ಸಂಜೆಯಾಗುವ ಮೊದಲೇ ನಲ್ಲಿ ಬರಿದು, ಹುಡುಗಿಯರು ಬಕೆಟ್ ಹಿಡಿದು ಗಲಾಟೆ. ವಾರ್ಡನ್ ಬಾಯಿ ನನಗೇ ಫೋನ್ ಮಾಡಿ ಕೇಳಿದರು, ನಿಮ್ಮ ಲೆಕ್ಕದಲ್ಲಿ ತಪ್ಪಿರಬಹುದೇ ಎಂದು. ನಾನು ಏನು ಹೇಳಿದೆ ಗೊತ್ತೇ ಕಾಕಾ? "ನಮ್ಮ ಲೆಕ್ಕ ತಪ್ಪೋದಿಲ್ಲರಿ. ದಾರಿಯೊಳಗ ಯಾರೋ ಇಳಿಸಿಕೊಳ್ಳಾಕತ್ತಾರ, ನೋಡ್ಕೊಳ್ರಿ."

ಟ್ಯಾಂಕರ್ ಓಡಿಸುತ್ತಿದ್ದವನ ಹೆಸರು ಯಾದಗಿರಿ. ಎಂಟು ವರ್ಷ ಒಂದು ದಿನ ತಪ್ಪದೆ ನೀರು ತಂದವನು. ನನ್ನ ಆ ಒಂದು ಮಾತಿಗೆ ಅವನ ಕೆಲಸ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನು ನಮ್ಮ ಆಫೀಸಿನವರೆಗೂ ಬಂದು, "ಅಮ್ಮಾ, ನೇನು ದೊಂಗನು ಕಾದು," ನಾನು ಕಳ್ಳ ಅಲ್ಲ, ಎಂದು ಕೈ ಮುಗಿದಿದ್ದ. ನಾನು ಕಂಪ್ಯೂಟರಿನ ಕಡೆ ಬೊಟ್ಟು ಮಾಡಿ, ಅದು ಸುಳ್ಳು ಹೇಳುವುದಿಲ್ಲ ಎಂದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ನಸ್ರೀನ್ ಪ್ಯಾಕೇಜಿನ ಚೀಟಿ ತುಂಬುತ್ತ ಕೂತಿದ್ದಳು. ಪ್ರತಿ ಅಂಕಿಯ ಮುಂದೆ ಅದರ ಗೋತ್ರ: ಈ ಪುಸ್ತಕ, ಆ ಪುಟ, ಇಂಥ ಯಂತ್ರ. ಗ್ಯಾಲನ್ ಹತ್ತಿರ ನಿಂತುಬಿಟ್ಟಳು. ಅದರ ಮುಂದೆ ನಾನು ಎಂದೋ ಬರೆದಿಟ್ಟದ್ದು 'ಕಾಕಾ' ಎಂದಷ್ಟೇ.

"ಬಾಜೀ, ಯೇ 'ಕಾಕಾ' ಬೋಲೇ ತೋ ಕೌನ್ಸಿ ಕಿತಾಬ್?" ಅಕ್ಕಾ, ಈ 'ಕಾಕಾ' ಅಂದರೆ ಯಾವ ಪುಸ್ತಕ ಎಂದು.

ನಗು ಬಂತು. ಕಾಕಾ ಪುಸ್ತಕ ಅಲ್ಲಮ್ಮ, ಪುಸ್ತಕಕ್ಕಿಂತ ದೊಡ್ಡವರು ಎಂದೆ. ಅವಳು ನಗಲಿಲ್ಲ. ಕೆಳಗಿನ ಅಂಗಡಿಗಿಳಿದು ಹಳೆಯ ಎಂಜಿನಿಯರಿಂಗ್ ಕೈಪಿಡಿಯೊಂದನ್ನು ಧೂಳು ಒರೆಸಿ ತಂದಳು. ಅದರಲ್ಲಿ ಗ್ಯಾಲನ್ ಒಂದಲ್ಲ, ಎರಡು. ಇಂಗ್ಲೆಂಡಿನದು ನಾಲ್ಕೂವರೆ ಲೀಟರಿಗೆ ಚೂರು ಹೆಚ್ಚು. ಅಮೆರಿಕದ್ದು ನಾಲ್ಕಕ್ಕೂ ಕಡಿಮೆ. ಎರಡಕ್ಕೂ ಅಂತರ, ಸರಿಯಾಗಿ ಆರರಲ್ಲಿ ಒಂದು ಪಾಲು.

ನೀರು ತುಂಬುವ ಕಡೆಗೆ ಫೋನ್ ಮಾಡಿದೆ. ಹಳೆ ಮೀಟರು ಕೆಟ್ಟಿತ್ತಂತೆ. ಬೇಸಿಗೆಗೆ ಮುಂಚೆ ಎಲ್ಲಿಂದಲೋ ಅಮೆರಿಕದ ಒಂದು ಸೆಕೆಂಡ್ ಹ್ಯಾಂಡ್ ಮೀಟರು ತಂದು ಕೂಡಿಸಿದ್ದರಂತೆ. ಅದರ ಚಿಕ್ಕ ಗ್ಯಾಲನ್ನನ್ನು ನಮ್ಮ ಪ್ರೋಗ್ರಾಂ ಇಂಗ್ಲೆಂಡಿನ ದೊಡ್ಡ ಗ್ಯಾಲನ್ ಎಂದೇ ಲೀಟರು ಮಾಡುತ್ತಿತ್ತು. ಅಯ್ಯೋ ದೇವರೇ! ಯಾದಗಿರಿ ಒಂದು ಕೊಡ ನೀರನ್ನೂ ಮುಟ್ಟಿರಲಿಲ್ಲ.

ನಿಮ್ಮ ಅಂಕಿ ತಪ್ಪಲ್ಲ ಕಾಕಾ. ನಿಮ್ಮ ಕಾರ್ಖಾನೆಯ ಯಂತ್ರಗಳೆಲ್ಲ ಇಂಗ್ಲೆಂಡಿನವು, ಅಲ್ಲಿಗೆ ಅದೇ ಸರಿ. ಎಲ್ಲ ಅಂಕಿಗಳಿಗೂ ಗೋತ್ರ ಕೇಳಿದ ನಾನು ನಿಮ್ಮ ಬಾಯಿಂದ ಬಂದದ್ದಕ್ಕೆ ಮಾತ್ರ ಕೇಳಲಿಲ್ಲ. ಕಾಕಾ ಹೇಳಿದರೆ ಮುಗಿಯಿತು! ಹುಡುಕಿದರೆ ಅಂಥವು ಇನ್ನೂ ಹತ್ತು ಸಿಕ್ಕವು. ದೀಪದ ಬುಡದಲ್ಲೇ ಕತ್ತಲು ಅಂದರೆ ಇದೇ ತಾನೇ? ಆದರೂ ಒಂದು ಮಾತು ಕೇಳಲೇ… ಆಗಲೇ ತಲೆಗೆ ಒಂದು ಮೊಟಕಿ, ನನ್ನನ್ನೂ ಕೇಳು ಎಂದು ನೀವು ಯಾಕೆ ಹೇಳಲಿಲ್ಲ? ಹೇಳಿದ್ದಿರೇನೋ. ನಾನೇ…

ಅವತ್ತೇ ಹಾಸ್ಟೆಲ್ಲಿಗೆ ಹೋಗಿ ವಾರ್ಡನ್ ಬಾಯಿಗೆ ಎಲ್ಲ ಹೇಳಿದೆ. ಅವರೂ ಪಾಪ, ಬಾಯಿ ಮೇಲೆ ಕೈ ಇಟ್ಟುಕೊಂಡರು. ಯಾದಗಿರಿ ಈಗ ಉಪ್ಪಲ್‌ನಲ್ಲಿ ಕೂಲಿ ಮಾಡುತ್ತಾನೆ ಎಂದು ಅಲ್ಲೇ ತಿಳಿದು, ಬಸ್ಸು ಹಿಡಿದು ಹೋದೆ. ಅಲ್ಲೀಗ ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿವೆ, ನೀವು ನೋಡಿದರೆ ಗುರುತೇ ಹಿಡಿಯಲಾರಿರಿ. ಯಾದಗಿರಿ ಅಲ್ಲೇ ಒಂದು ಕಂಬದ ಬುಡದಲ್ಲಿ ಜಲ್ಲಿ ಹೊರುತ್ತಿದ್ದ. ಬುಟ್ಟಿ ಇಳಿಸಿ ನಿಂತ. ನಾನು ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತು, ತಪ್ಪು ನನ್ನದು ಎಂದಷ್ಟೇ ಹೇಳಿ ಅತ್ತುಬಿಟ್ಟೆ. ಅವನು ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ತೆಲುಗಿನಲ್ಲಿ ಕೇಳಿದ್ದು ಒಂದೇ: "ನೀವು ನನಗೆ ಹೇಳಿದಿರಿ. ನಮ್ಮ ಗಲ್ಲಿಯವರಿಗೆ ಯಾರು ಹೇಳುತ್ತಾರೆ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಆಫೀಸಿಗೆ ಮರಳಿದೆ.

ಪ್ಯಾಕೇಜನ್ನು ತಡೆದು ಎಲ್ಲ ಅಂಕಿಗಳನ್ನೂ ಮತ್ತೆ ತಪಾಸು ಮಾಡಿದೆವು. ಹೊಸ ನಿಯಮ ಹಾಕಿದ್ದೇವೆ. ಗ್ಯಾಲನ್ ಎಂದಷ್ಟೇ ಕೇಳಿದರೆ ಕೊಡುವುದಿಲ್ಲ, ಯಾವ ದೇಶದ್ದು ಹೇಳಬೇಕು. ಗೋತ್ರದ ಜಾಗದಲ್ಲಿ ಬರೀ ಮನುಷ್ಯರ ಹೆಸರಿದ್ದರೆ ಪ್ಯಾಕೇಜ್ ಕಟ್ಟಿಕೊಳ್ಳುವುದೇ ಇಲ್ಲ, ತಪ್ಪು ಎಂದು ಕಿರುಚುತ್ತದೆ. ಪರೀಕ್ಷೆಗೆ ಮೊದಲು 'ಕಾಕಾ' ಎಂದೇ ಬರೆದು ನೋಡಿದೆ. ಒಪ್ಪಲಿಲ್ಲ, ನೋಡಿ! ನಸ್ರೀನ್ ಚಪ್ಪಾಳೆ ತಟ್ಟಿದಳು. ಸೋಮವಾರ ಹೊರಬಿಟ್ಟೆವು. ನಿನ್ನೆ ಯಾವುದೋ ಊರಿನ ವಿದ್ಯಾರ್ಥಿನಿಯೊಬ್ಬಳು, ಇನ್ನೊಂದು ಅಂಕಿಗೆ ನಾವು ಆಧಾರ ಕೊಟ್ಟ ಪುಸ್ತಕ ಹಳೆಯದಾಯಿತು ಎಂದು ಬರೆದಿದ್ದಾಳೆ. ಅವಳು ಹೇಳಿದ್ದು ಸರಿ. ಇಂಥ ಹುಡುಗಿಯನ್ನು ನೀವು ಮನೆಗೇ ಕರೆಸಿ ಊಟ ಹಾಕುತ್ತಿದ್ದಿರಿ.

ಯಾದಗಿರಿ ಮತ್ತೆ ಟ್ಯಾಂಕರ್ ಹತ್ತಿದ್ದಾನೆ. ಇವತ್ತು ಬೆಳಿಗ್ಗೆ ಮಗಳನ್ನು ಕರೆದುಕೊಂಡು ನಮ್ಮ ಆಫೀಸಿಗೆ ಬಂದ. ಗಲ್ಲಿಯವರಿಗೆ ಏನು ಹೇಳಬೇಕು ಎಂದು ಅವನೇ ಯೋಚಿಸಿಕೊಂಡು ಬಂದಿದ್ದ. ಒಂದು ಕಾಗದ ಬೇಕು, ತೆಲುಗಿನಲ್ಲಿ, ಟ್ಯಾಂಕರಿನ ಗಾಜಿಗೆ ಅಂಟಿಸಲು. ಟೈಪು ಮಾಡಿಕೊಡುತ್ತೇನೆ ಎಂದರೆ ಬೇಡ, ಕೈಯಲ್ಲೇ ಬರೆಯಿರಿ ಎಂದ. ಇವನು ನೀರು ಕದ್ದಿಲ್ಲ, ಲೆಕ್ಕ ಮಾಡಿದವಳ ತಪ್ಪು ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಕೊಟ್ಟೆ. ಅವನಿಗೆ ಓದಲು ಬರುವುದಿಲ್ಲ. ಮಗಳು ಓದತೊಡಗಿದಳು. ತಪ್ಪು ಯಾರದು ಎಂಬಲ್ಲಿಗೆ ಬಂದಾಗ ಹುಡುಗಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಓದಮ್ಮಾ," ಎಂದೆ. "ಕೆಳಗಿನ ಅಂಗಡಿಯವರಿಗೂ ಕೇಳುವ ಹಾಗೆ ಓದು."

ನಿಮ್ಮ,
ಶಾಲೂ