ನಗುವಿಗೆ ಕಾಲಂ ಇರಲಿಲ್ಲ

ಭಾನುವಾರ, ಮಾರ್ಚ್ ೧೪

ನನ್ನ ಮೊಂಡಿಯೇ,

ಹನ್ನೆರಡು ವರ್ಷದ ಮೇಲೆ ಹೀಗೆ ಕರೆಯುವ ಸಲುಗೆ ನನಗೆ ಉಳಿದಿದೆಯೋ ಇಲ್ಲವೋ. ಬೇರೆ ಹೆಸರು ಬರೆಯಲು ಮಾತ್ರ ಕೈ ಬರಲಿಲ್ಲ.

ಕಳೆದ ವಾರ ಕಂಪನಿಯ ಉಗ್ರಾಣ ಖಾಲಿ ಮಾಡುವಾಗ ನೀನು ಮಾಡಿದ್ದ ವಿಡಿಯೋ ಗೇಮ್ ಪೆಟ್ಟಿಗೆಯ ಮಾದರಿ ಸಿಕ್ಕಿತು. ಮೋಟು ವೈರಿನ ಅವೇ ಎರಡು ಕಂಟ್ರೋಲರ್. ವೈರು ಉದ್ದ ಮಾಡೆಂದು ಎಲ್ಲರೂ ಬಡಕೊಂಡರೂ ನೀನು ಕೇಳಿರಲಿಲ್ಲ. “ಸೋತೋರ ಕೈಗೆ ಗೆದ್ದೋರ ಬೆನ್ನು ಸಿಗಬೇಕು ಕಣೆ, ಒಂದು ಗುದ್ದು ಕೊಡೋಕೆ” ಅನ್ನುತ್ತಿದ್ದೆ. ಜನ ದಣಿದು ಮನೆಗೆ ಬರುತ್ತಾರೆ, ಅವರವರ ಪಾಡಿಗೆ ಬಿಡೋಣ, ಒಬ್ಬರಿಗೊಂದು ಪೆಟ್ಟಿಗೆ, ಒಂದು ಹೆಡ್‌ಫೋನ್, ಜೊತೆ ಬೇಕೆಂದರೆ ಇಂಟರ್‌ನೆಟ್ಟಿನಲ್ಲಿ ಲೋಕವೇ ಇದೆ ಎನ್ನುವುದು ನನ್ನ ವಾದ. ನನ್ನ ಮಾದರಿಯನ್ನೂ ಹಾಗೇ ಮಾಡಿದ್ದೆ.

ಪರೀಕ್ಷೆಗೆಂದು ಹನ್ನೊಂದು ಮನೆಯವರನ್ನು ಕರೆಸಿ ಎರಡನ್ನೂ ಆಡಿಸಿದ ದಿನ, ಗಾಜಿನ ಈಚೆ ನಾನೊಬ್ಬಳೇ ಕೂತಿದ್ದೆ. ನನ್ನ ಪೆಟ್ಟಿಗೆಯ ಮುಂದೆ ಜನ ಹೆಚ್ಚು ಹೊತ್ತು ಕೂತರು. ವರದಿಯಲ್ಲಿ ಅಷ್ಟನ್ನೇ ಬರೆದೆ. ನಿನ್ನದರ ಮುಂದೆ ಒಬ್ಬ ಅಜ್ಜಿ ಮೊಮ್ಮಗಳ ಜಡೆ ಹಿಡಿದೆಳೆದು, “ಕಳ್ಳಿ, ಮೋಸ ಮಾಡ್ತೀಯಾ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದನ್ನು ಬರೆಯಲಿಲ್ಲ. ನಗುವಿಗೆ ವರದಿಯಲ್ಲಿ ಕಾಲಂ ಇರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಕೆಲಸ ಬಿಟ್ಟು ಹೋದೆ. ನನ್ನ ಪೆಟ್ಟಿಗೆ ಮನೆಮನೆಗೂ ಹೋಯಿತು.

ನಮ್ಮ ಮನೆಗೂ ಬಂತು. ನನ್ನ ಯಜಮಾನರು ಕೆಲಸದಿಂದ ಬಂದವರೇ ಹೆಡ್‌ಫೋನ್ ಏರಿಸಿ ಕೋಣೆ ಸೇರುತ್ತಾರೆ. ಬಾಗಿಲ ಆಚೆ ನಗುವುದು ಕೇಳುತ್ತದೆ. ಯಾರ ಜೊತೆ ಎಂದರೆ “ಯಾರೋ, ಹೆಸರು ಗೊತ್ತಿಲ್ಲ” ಎನ್ನುತ್ತಾರೆ. ಕೆಟ್ಟವರಲ್ಲ ಕಣೆ. ಎದುರು ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಮೊನ್ನೆ ಗುರುವಾರ ನಿನ್ನ ಪೆಟ್ಟಿಗೆಯನ್ನು ಹೊತ್ತು ತಂದು ಹಾಲ್‌ನಲ್ಲಿ ಜೋಡಿಸಿ, ಒಂದು ಕಂಟ್ರೋಲರನ್ನು ಅವರ ಕೈಗಿಟ್ಟೆ. ತಿರುಗಿಸಿ ನೋಡಿ, “ಒಬ್ರೇ ಆಡೋಕಾಗಲ್ವಾ ಇದು?” ಅಂದರು. ಇಲ್ಲವೆಂದೆ. “ಹಾಗಾದ್ರೆ ಆಮೇಲೆ ನೋಡೋಣ” ಎಂದು ಸೋಫಾದ ಮೇಲಿಟ್ಟು ಒಳಗೆ ಹೋದರು. ನಾನು ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಎಡಗೈಗೊಂದು ಬಲಗೈಗೊಂದು ಆಡಿದೆ. ಪರದೆಯ ಮೇಲಿನ ಆಟಗಾರರಿಬ್ಬರೂ ಹಳ್ಳಕ್ಕೆ ಬಿದ್ದರು.

ಮಾರನೆಯ ದಿನವೇ ಆ ವರದಿಯಲ್ಲಿ ಬಿಟ್ಟಿದ್ದನ್ನೆಲ್ಲ ಬರೆದು ಮೇಲಧಿಕಾರಿಗೆ ಕೊಟ್ಟೆ. “ಈಗ್ಯಾಕಮ್ಮಾ ಇದೆಲ್ಲ?” ಎಂದು ನಕ್ಕು ಫೈಲಿಗೆ ಸೇರಿಸಿದರು. ಯಾರೂ ಓದುವುದಿಲ್ಲ. ನೀನಾದರೂ ಓದಲೆಂದು ಒಂದು ಪ್ರತಿ ಇದರ ಜೊತೆಗಿದೆ. ಕ್ಷಮಿಸೆಂದು ಕೇಳುವ ಮುಖ ನನಗಿಲ್ಲ. ಬೈದಾದರೂ ಒಂದು ಸಾಲು ಬರೆ.

ನಿನ್ನ ಪಕ್ಕದ ಮೇಜಿನವಳು,
ಬಾಯಿಬಡುಕಿ

ತಾ.ಕ.: ಒಂದು ಮಾತು ನುಂಗಿಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು, ನನ್ನ ಪೆಟ್ಟಿಗೆಯದೇ ಇನ್ನೊಂದನ್ನು ಜೋಡಿಸಿ, ಬೇರೊಂದು ಹೆಸರಿಟ್ಟುಕೊಂಡು ಇವರ ಆಟಕ್ಕೆ ಸೇರಿದೆ. ಅವರು ನಕ್ಕಿದ್ದು ಗೋಡೆಯ ಆಚೆಯಿಂದ ಕೇಳಿಸಿತು. ಆಟ ಮುಗಿದ ಮೇಲೆ ಪರದೆಯಲ್ಲಿ ಬರೆದರು: “ಚೆನ್ನಾಗಿ ಆಡ್ತೀರ. ನಾಳೆನೂ ಬನ್ನಿ. ಮನೇಲಿ ನನ್ ಜೊತೆ ಆಡೋರು ಯಾರೂ ಇಲ್ಲ.” ಬರ್ತೀನಿ ಎಂದೆ. ಈಗ ಕಾಯುತ್ತಿರುತ್ತಾರೆ.