ಹಾರದವಳ ನಿಲ್ದಾಣ ಶುಲ್ಕ

೧೧ ನವೆಂಬರ್ ೨೦೨೫, ಮಂಗಳವಾರ, ಡೊಂಬಿವಲಿ

ಜುಲೈಯಲ್ಲಿ ನಡೆದ ನನ್ನವಳ ಉತ್ತರಕ್ರಿಯೆಯ ಊಟದಲ್ಲಿ ಟಿಕೆಟ್ ಏಜೆಂಟ್ ಜಯಶೀಲ ಎರಡು ಸಲ ಪಾಯಸ ಹಾಕಿಸಿಕೊಂಡದ್ದೇ ಇವತ್ತೆಲ್ಲ ತಲೆಯಲ್ಲಿ ಕುಳಿತಿದೆ. ನಾವಿಬ್ಬರೂ ಮಂಗಳೂರಿಗೆ ಹಾರಬೇಕಿದ್ದುದಕ್ಕೆ ಎರಡು ದಿನ ಮೊದಲು ಪ್ರಫುಲ್ಲಾ ತೀರಿಕೊಂಡಳು. ಅವಳ ಟಿಕೆಟ್ ಬಗ್ಗೆ ಕೇಳಿದಾಗ ಅವನು ಎಲೆಯ ಮುಂದೆಯೇ, "ನಾನ್-ರಿಫಂಡಬಲ್ ಅಲ್ವಾ ಅಂಕಲ್, ಒಂದು ಪೈಸೆ ಬರುದಿಲ್ಲ ಮಾರಾಯ್ರೆ" ಅಂದಿದ್ದ.

ನಿನ್ನೆ ಆ ಟಿಕೆಟನ್ನು ಸಾಲು ಸಾಲಾಗಿ ಓದಿದೆ. ಮೂಲ ದರ ಹೋಗಲಿ. ವಿಮಾನ ನಿಲ್ದಾಣ ಬಳಸುವ ಶುಲ್ಕ ಮಾತ್ರ ಹಾರದವರಿಗೆ ವಾಪಸ್ ಬರಲೇಬೇಕು. ಕಂಪನಿಗೆ ಫೋನ್ ಮಾಡಿದೆ. ಜುಲೈ ಎಂಟಕ್ಕೇ ಏಜೆಂಟನಿಗೆ ಕೊಟ್ಟಾಗಿದೆಯಂತೆ. ಉತ್ತರಕ್ರಿಯೆ ಹತ್ತಕ್ಕೆ! ಅವಳ ದುಡ್ಡನ್ನು ಜೇಬಿಗಿಳಿಸಿಯೇ ಅವಳ ಪಾಯಸಕ್ಕೆ ಕೂತಿದ್ದ.

ಇವತ್ತು ಪಕ್ಕದ ಊರು ಕಲ್ಯಾಣದಲ್ಲಿರುವ ಅವನ ಆಫೀಸಿಗೆ ಹೋದೆ. "ಇಷ್ಟಕ್ಕೆ ಯಾಕೆ ಗಲಾಟೆ ಅಂಕಲ್, ತಗೊಳ್ಳಿ" ಎಂದು ನೋಟು ಚಾಚಿದ. ಮುಟ್ಟಲಿಲ್ಲ. "ನಾಳೆ ಬರ್ತೇನೆ ಮಗಾ" ಅಂದೆ.

ನಾಳೆಯಿಂದ ಅವನ ಬಾಗಿಲೆದುರಿನ ಬೆಂಚಿನಲ್ಲಿ ಕೂರುತ್ತೇನೆ. ಹೊರಬರುವ ಪ್ರತಿಯೊಬ್ಬರ ಟಿಕೆಟನ್ನೂ ಓದಿ, ಹಾರದಿದ್ದರೆ ಯಾವುದು ವಾಪಸ್ ಬರಬೇಕು, ಯಾವುದು ಇವನು ಸೇರಿಸಿದ್ದು ಎಂದು ತೋರಿಸುತ್ತೇನೆ. ಮಧ್ಯಾಹ್ನ ಊಟಕ್ಕೂ ಎದ್ದು ಬರಬಾರದೆಂದು ಡಬ್ಬಿ ತೊಳೆದಿಟ್ಟಿದ್ದೇನೆ.

ಪ್ರಫುಲ್ಲಾ ಇದ್ದಿದ್ದರೆ "ಹೋಗ್ಲಿ ಬಿಡಿ" ಅನ್ನುತ್ತಿದ್ದಳು. ಇಲ್ಲವಲ್ಲ.